ಕರೆಯದೆ ಇಲ್ಲವೆನ್ನಬೇಡಿ

ಪೂಜ್ಯ ಸಂಕವ್ವ ತಾಯಿಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ, ಹೆಸರಿನ ಹಿಂದೆ ಮುಂದೆ ಬಿರುದುಗಳೂ ಇರಲಿಲ್ಲ. ಹಿರೇಕೊಳವಿಯ ಹೊರಗೆ, ಬಾವಿ ತೋಡುವ ಭೋವಿಗಳ ಹಟ್ಟಿಯ ಕೊನೆಯ ಗುಡಿಸಲು ಅವರದು. ಒಳಗೆ ಒಂದು ಒಲೆ, ಒಂದು ಕೊಡ, ಗೋಡೆಯ ಗೂಡಿನಲ್ಲಿ ಅಂಗೈಯಗಲದ ತಿಮ್ಮಪ್ಪನ ಪಟ. ಹರೆಯದಲ್ಲಿ ಬಾವಿಯ ಮಣ್ಣಿನ ಬುಟ್ಟಿ ಹೊತ್ತ ಆ ಪುಣ್ಯಾತ್ಮರ ನೆತ್ತಿಯ ಮೇಲೆ ಕೂದಲು ಸವೆದು ರೂಪಾಯಿಯಗಲ ಬೋಳಾಗಿತ್ತು. ನಾವು ಭಕ್ತರು ಅದನ್ನೇ ಅವರ ಕಿರೀಟವೆಂದು ಭಾವಿಸಿ ಕೈಮುಗಿಯುತ್ತಿದ್ದೆವು. ಅವರು ಮಾತ್ರ ಸೆರಗೆಳೆದುಕೊಂಡು ಗದರುತ್ತಿದ್ದರು.

ತಾಯಿಯವರು ಇಡೀ ದಿನ ತಿಮ್ಮಪ್ಪನೊಂದಿಗೆ ಮಾತನಾಡುತ್ತಿದ್ದರು. ಅದು ಸ್ತೋತ್ರವಲ್ಲ, ಮಂತ್ರವಲ್ಲ. ಮನೆಯ ಹಿರಿಯನೊಬ್ಬನೊಡನೆ ಆಡುವ ಮಾತು. "ತಿಮ್ಮಪ್ಪಾ, ರೊಟ್ಟಿ ಆರಾಕತ್ತೈತಿ, ಬಾರೋ." "ಇವತ್ತ ಯಾಕೋ ಭಾಳ ಸುಮ್ಮನದೀ?" ಹೀಗೆ ಒಂದು ಮಾತು ಆಡಿದ ಮೇಲೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ತುಸು ಹೊತ್ತು ಸುಮ್ಮನೆ ಕೂರುತ್ತಿದ್ದರು. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ವಯಸ್ಸಿನ ಆಯಾಸವೆಂದು ತಿಳಿದಿದ್ದೆವು. ನಮ್ಮ ತಿಳಿವಳಿಕೆ ಅಷ್ಟಕ್ಕೇ ಇತ್ತು, ಏನು ಮಾಡುವುದು!

ಆ ವರ್ಷದ ಬೇಸಿಗೆಯಲ್ಲಿ ವಾಮನರಾಯರೆಂಬವರು ಊರಿಗೆ ಬಂದರು. ಪಟ್ಟಣದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಜಯತೀರ್ಥನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಹಿರೇಕೊಳವಿಯಲ್ಲಿದ್ದ ಹೊಲದಲ್ಲಿ ಅರ್ಧಕ್ಕೇ ನಿಂತಿದ್ದ ಹಳೆಯ ಬಾವಿಯನ್ನು ಇನ್ನಷ್ಟು ತೋಡಿಸಲು ಅಣ್ಣತಮ್ಮಂದಿರಿಬ್ಬರೂ ಬಂದಿಳಿದಿದ್ದರು. ರಾಯರು ಸಜ್ಜನರು; ಆದರೆ ಅವರ ನಾಲಿಗೆಗೆ ವಾದವಿಲ್ಲದೆ ಊಟ ರುಚಿಸುತ್ತಿರಲಿಲ್ಲ. ತಾಯಿಯವರ ವಿಷಯ ಕಿವಿಗೆ ಬಿದ್ದದ್ದೇ ತಡ, ಗುಡಿಸಲಿಗೆ ಬಂದು ಬಾಗಿಲಲ್ಲಿ ಕೂತೇಬಿಟ್ಟರು.

"ಜಗತ್ತಿನ ಬುಡದಾಗ ಒಂದು ಶಕ್ತಿ ಅದ ಅಂದ್ರ ಒಪ್ಪತೀನಿ, ತಾಯಿ," ಎಂದರು. "ಆದ್ರ ಆ ಶಕ್ತಿಗೆ ಕಿವಿ ಎಲ್ಲಿಂದ ಬಂತು? ಹೊಗಿ ಕಂಡ್ರ ಬೆಂಕಿ ಅದ ಅಂತೀವಿ, ಯಾಕಂದ್ರ ಅವೆರಡನ್ನೂ ಕೂಡೇ ನೋಡೀವಿ. ನಿಮ್ಮ ತಿಮ್ಮಪ್ಪನ್ನ ಯಾರು ನೋಡ್ಯಾರ? ಕೇಳೋ ದೇವರು, ಮಾತಾಡೋ ದೇವರು ಅನ್ನೋದು ತರ್ಕಕ್ಕ ನಿಲ್ಲೂದಿಲ್ಲ."

ತಾಯಿಯವರು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆ, "ನನಗ ತರ್ಕ ಬರೂದಿಲ್ರಿ, ರಾಯರ. ನೀವ ಒಮ್ಮಿ ಕರದು ನೋಡ್ರಿ," ಎಂದರು.

"ಇದ್ದಾನ ಅಂತ ಗೊತ್ತಾದ ಮ್ಯಾಲೆ ಕರೀತೀನಿ," ಎಂದು ರಾಯರು ನಗುತ್ತ ಎದ್ದರು. ಅಲ್ಲಿದ್ದ ನಮಗೆಲ್ಲ ಸಿಟ್ಟು ಬಂತು. ತಾಯಿಯವರು ಮಾತ್ರ ಇನ್ನೊಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

ಬಾವಿ ತೋಡುವ ಭೋವಿಗಳಲ್ಲಿ ಒಂದು ಪದ್ಧತಿಯಿದೆ. ಬಾವಿಗೆ ಇಳಿಯುವವನು ದಂಡೆಯ ಮೇಲೆ ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಮೇಲಿದ್ದವರು "ಕೇಳ್ತು" ಎನ್ನಬೇಕು. ಆಮೇಲೆಯೇ ಹಗ್ಗಕ್ಕೆ ಕೈ. ಗುಂಪಿನ ಹಿರಿಯ ಯಂಕಪ್ಪ ಇದನ್ನು ಹೇಳಿದಾಗ ರಾಯರು, "ಕಣ್ಣಿದುರಿಗೇ ನಿಂತಾಂವ ಹೆಸರು ಯಾಕ ಒದರಬೇಕೋ?" ಎಂದು ಚೇಷ್ಟೆ ಮಾಡಿದ್ದರು. ಜಯತೀರ್ಥನೂ ಅಣ್ಣನ ಜೊತೆ ನಕ್ಕಿದ್ದ.

ಕೆಲಸ ಶುರುವಾದ ಮೂರನೆಯ ದಿನ ಮಧ್ಯಾಹ್ನ, ಆಳುಗಳೆಲ್ಲ ದೂರದ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದಾಗ, ಜಯತೀರ್ಥ ನೀರಿನ ಸೆಲೆ ನೋಡಿ ಬರುತ್ತೇನೆಂದು ಅಣ್ಣನಿಗಷ್ಟೇ ಹೇಳಿ ಇಳಿದ. ಹೆಸರು ಹೇಳಲಿಲ್ಲ. ಅವನು ಇಳಿದು ಸ್ವಲ್ಪ ಹೊತ್ತಿಗೆ ಬಾವಿಯ ಗೋಡೆ ಧಡಾರನೆ ಕುಸಿಯಿತು!

ಅಯ್ಯೋ, ಆ ಸದ್ದು! ಊರಿಗೆ ಊರೇ ಓಡಿತು. ಆರು ಆಳುದ್ದದ ಬಾವಿಯಲ್ಲಿ ಅರ್ಧಕ್ಕೆ ಮಣ್ಣು, ಕಲ್ಲು ತುಂಬಿ ಧೂಳು ಎದ್ದಿತ್ತು. ಯಂಕಪ್ಪ ಮತ್ತು ಅವನ ಐದು ಮಂದಿ ಬುತ್ತಿ ಬಿಟ್ಟೆದ್ದು ಇಳಿದು ಅಗೆಯತೊಡಗಿದರು. ಸಲಿಕೆ, ಗುದ್ದಲಿ, ಬುಟ್ಟಿ, ಕೂಗು. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗದ್ದಲ. ಆದರೆ ಎಲ್ಲಿ ಅಗೆಯುವುದು? ಬಾವಿಯೋ ನಾಲ್ಕು ಮಾರು ಅಗಲ. ಅವನು ಯಾವ ಮೂಲೆಯಲ್ಲಿ ಸಿಕ್ಕಿಕೊಂಡಿದ್ದಾನೋ ಯಾರಿಗೆ ಗೊತ್ತು?

ಎರಡು ತಾಸು ಕಳೆಯಿತು. ಉಳಿದ ಗೋಡೆಯಿಂದಲೂ ಹೆಂಟೆಗಳು ಉದುರತೊಡಗಿದವು. ಯಂಕಪ್ಪ ಮೇಲೆ ಬಂದು ರಾಯರಿಗೆ ಕೈಮುಗಿದ. "ಧಣೇರ, ನಮ್ಮ ಪದ್ಧತಿ ಒಂದೈತಿ. ಒಡಹುಟ್ಟಿದವರಾಗಲಿ ಮನಿಯವರಾಗಲಿ ಮೂರು ಸಲ ಹೆಸರು ಹಿಡಿದು ಕರೀಬೇಕು. ಕರದಾಗೆಲ್ಲ ಎಲ್ಲಾರೂ ಉಸಿರು ಬಿಗಿಹಿಡಿದು ಕೇಳಬೇಕು. ಓ ಅಂದ್ರ ದಿಕ್ಕು ಸಿಗತೈತಿ. ಕರೀರಿ."

ರಾಯರ ಮುಖ ಬೂದಿ ಬಳಿದಂತಾಗಿತ್ತು. ಅವರು ಕಲ್ಲೆದೆಯವರಲ್ಲ. ಆದರೆ ಅಷ್ಟು ವರ್ಷ ಕಲಿಸಿದ್ದು ಬಾಯಿಗೆ ಬಂತು. "ಎರಡು ತಾಸಾತು, ಯಂಕಪ್ಪ. ಅಷ್ಟು ಮಣ್ಣಿನ ಕೆಳಗ ಗಾಳಿ ಎಲ್ಲಿದು? ಬದುಕಿದ್ದಾನ ಅನ್ನಲಿಕ್ಕೆ ಒಂದೂ ಪ್ರಮಾಣ ಇಲ್ಲ. ಹೋದಾವನ ಸಲುವಾಗಿ ನಿಮ್ಮನ್ನ ಆರು ಮಂದೀನ ಕಳಕೊಳ್ಳಲ್ಯಾ? ಎಲ್ಲಾರನ್ನೂ ಮ್ಯಾಲೆ ಕರಸು. ಸಾಕು."

ಮಾತಿನಲ್ಲಿ ತಪ್ಪು ಹುಡುಕಲು ಯಾರಿಗೂ ಬರಲಿಲ್ಲ. ಆರು ಜೀವ ಉಳಿಸುವ ಮಾತು ಅದು. ಆಳುಗಳು ಒಬ್ಬೊಬ್ಬರಾಗಿ ಹಗ್ಗ ಹಿಡಿದು ಮೇಲೆ ಬಂದರು. ಹೆಂಗಸರು ಅಳಲು ಶುರುಮಾಡಿದರು.

ಅಷ್ಟರಲ್ಲಿ ಜನ ಸರಿದು ದಾರಿಬಿಟ್ಟರು. ಸುಡುವ ಎರೆಮಣ್ಣಿನಲ್ಲಿ ಬರಿಗಾಲಲ್ಲಿ ತಾಯಿಯವರು ಬಂದಿದ್ದರು! ನೇರವಾಗಿ ರಾಯರ ಎದುರು ನಿಂತು ಕೇಳಿದರು: "ಕರದ್ರೇನ್ರಿ?"

"ಕರದು ಏನ್ಮಾಡ್ಲಿ, ತಾಯಿ? ಇದ್ದಾನ ಅಂತ ಗೊತ್ತಿದ್ರ ತಾನ ಕರ್ಯೋದು!"

ತಾಯಿಯವರು ಗದರಲಿಲ್ಲ, ದನಿ ಏರಿಸಲಿಲ್ಲ. "ಕಲ್ಲು ಹುಡುಕಬೇಕಂದ್ರ ಅಗೀಬೇಕು. ಮನಷ್ಯಾನ್ನ ಹುಡುಕಬೇಕಂದ್ರ ಕರೀಬೇಕು. ಕರೀದ ಇಲ್ಲ ಅಂತೀರಲ್ಲ, ಅದು ಯಾ ತರ್ಕರಿ, ರಾಯರ?"

ರಾಯರು ತಾಯಿಯವರನ್ನು ನೋಡಿದರು. ಮರುಗಳಿಗೆಯಲ್ಲಿ ಅವರು ಚಪ್ಪಲಿ ಕಳಚಿ ಹಗ್ಗ ಹಿಡಿದು ತಾವೇ ಕೆಳಗಿಳಿದರು. ಅವರಿಗಿಂತ ಮುಂಚೆ ಯಂಕಪ್ಪ ತನ್ನ ಮಂದಿಯೊಂದಿಗೆ ಇಳಿದಾಗಿತ್ತು! ಅವನು ಉದ್ದನೆಯ ಕಬ್ಬಿಣದ ಹಾರೆಗಳನ್ನು ನಾಲ್ಕೂ ಕಡೆ ಮಣ್ಣಿನೊಳಕ್ಕೆ ಇಳಿಸಿ, ಒಂದೊಂದರ ತುದಿಗೆ ಒಬ್ಬೊಬ್ಬನ ಕಿವಿ ಹಚ್ಚಿಸಿ, ಎಲ್ಲರೂ ಸುಮ್ಮನಿದ್ದು ಕೇಳಲೆಂದು ಕೈಯೆತ್ತಿದ. ದಂಡೆಯ ಮೇಲೆ ನೂರು ಜನ, ಒಂದು ಕೆಮ್ಮಿಲ್ಲ.

"ಜಯತೀರ್ಥಾ!" ರಾಯರು ಕೂಗಿದರು. ಕೂಗಿ ಉಸಿರೆಳೆಯುವ ಮೊದಲೇ, "ನೋಡಿದ್ರ್ಯಾ, ಇಲ್ಲ. ನಾ ಹೇಳಿದ್ದೆ..." ಎಂದರು.

ಮೇಲಿನಿಂದ ತಾಯಿಯವರ ದನಿ ಬಂತು. "ಕರದ್ರಿ, ಖರೆ. ಕೇಳಲಿಲ್ಲ."

ರಾಯರು ತುಟಿ ಕಚ್ಚಿದರು. ಎರಡನೆಯ ಸಲ ಕೂಗಿದರು. ಈ ಸಲ ಸುಮ್ಮನಿದ್ದು ಕೇಳಿದರು. ಏನೂ ಇಲ್ಲ. ದಂಡೆಯ ಮೇಲೆ ನಿಂತಿದ್ದ ನನ್ನ ಎದೆ ನಗಾರಿಯಂತೆ ಬಡಿದುಕೊಳ್ಳುತ್ತಿತ್ತು. ಆ ಸದ್ದು ಕೆಳಗಿನವರಿಗೆ ಅಡ್ಡಿಯಾದೀತೆಂದು ನಾನು ಎದೆಯ ಮೇಲೆ ಕೈ ಒತ್ತಿಹಿಡಿದೆ, ನನ್ನ ಹುಚ್ಚು ನೋಡಿ.

"ಮನ್ಯಾಗ ಏನಂತ ಕರೀತಿದ್ರಿ?" ಎಂದು ತಾಯಿಯವರು ಕೇಳಿದರು.

ಆ ಒಂದು ಪ್ರಶ್ನೆಗೆ ರಾಯರ ಗಟ್ಟಿತನವೆಲ್ಲ ಒಡೆದುಹೋಯಿತು. ಅವರು ಮಣ್ಣಿನ ಮೇಲೆ ಮೊಣಕಾಲೂರಿದರು. "ಏ ಗುಂಡ್ಯಾ!" ಎಂದು ಗಂಟಲು ಹರಿಯುವಂತೆ ಕೂಗಿದರು. "ಗುಂಡ್ಯಾ, ನಾನು ಅಣ್ಣ ಬಂದೀನೋ! ಓ ಅನ್ನೋ, ಗುಂಡ್ಯಾ!"

ಆಮೇಲೆ ಹಣೆಯನ್ನು ನೆಲಕ್ಕಾನಿಸಿ ಕೇಳುತ್ತ ಬಿದ್ದುಕೊಂಡರು. ಒಂದು ಗಳಿಗೆ. ಎರಡು. ಮೂರು.

"ಬಂತು!" ಯಂಕಪ್ಪ ಚೀರಿದ. "ಮೂಡಲ ಗ್ವಾಡಿ! ಮೂಡಲ ಗ್ವಾಡಿ! ಕಲ್ಲು ಬಡಿಯಾಕತ್ತಾನ!"

ರಾಯರು ಬಿದ್ದೆದ್ದು ಓಡಿ ಹಾರೆಗೆ ಕಿವಿ ಕೊಟ್ಟರು. ಟಕ್, ಟಕ್, ಟಕ್. ಅವರು ಅತ್ತರೋ ನಕ್ಕರೋ ಹೇಳಲಾರೆ. ದಂಡೆಯ ಮೇಲೆ ನಾವು ಕುಣಿದೆವು! ಊರ ಗೌಡರು ಯಾರನ್ನೋ ತಬ್ಬಿಕೊಂಡು ಕುಣಿಯುತ್ತಿದ್ದರು. ಆ ಆರು ಮಂದಿಗೆ ಎಲ್ಲಿಂದ ಬಂತೋ ಆ ಬಲ! ಕುಸಿಯುವ ಗೋಡೆಗೆ ತೊಲೆ ಕೊಟ್ಟು, ಮೂಡಣ ಮೂಲೆಯೊಂದನ್ನೇ ಹಿಡಿದು ಅಗೆದರು. ಮೇಲೆ ಬುಟ್ಟಿ ಎಳೆಯುವಾಗ ಕಲ್ಲು ಬಿದ್ದರೆ ಮೈ ಕಾಯಲೆಂದು ಭೋವಿಗಳು ಗೋಡೆಯ ಸುತ್ತ ಅಲ್ಲಲ್ಲಿ ಕೊರೆದಿಟ್ಟುಕೊಂಡ ಗೂಡುಗಳಲ್ಲೊಂದು ಅಲ್ಲಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಆ ಗೂಡಿನಿಂದ ಜಯತೀರ್ಥನನ್ನು ಜೀವಂತವಾಗಿ ಹೊರಗೆಳೆದರು. ಒಂದು ಕಾಲು ಮುರಿದಿತ್ತು, ಅಷ್ಟೆ.

ಅವನ ಮೊದಲ ಮಾತು ಇದು: "ಎಷ್ಟು ಹೊತ್ತೋ ಅಣ್ಣಾ, ಕರೀಲಿಕ್ಕೆ? ಅವಾಗಿಂದ ನಾನೂ ಕಲ್ಲು ಬಡದು ಬಡದು ಕರದೆ, ಕಡೀಕ ಸೋತು ಬಿಟ್ಟಿದ್ದೆ. ನಿಮ್ಮ ಸಪ್ಪಳದಾಗ ಒಬ್ಬರಿಗೂ ಕೇಳಲಿಲ್ಲ."

ಈ ಮಾತು ಕೇಳಿ ರಾಯರು ನಿಂತಲ್ಲೇ ನಿಂತುಬಿಟ್ಟರು. ತಾಯಿಯವರಿಗೆ ನಮಸ್ಕರಿಸಬೇಕೆಂದು ತಿರುಗಿ ನೋಡಿದರೆ, ಅವರು ಆಗಲೇ ಗುಡಿಸಲಿನ ದಾರಿ ಹಿಡಿದಿದ್ದರು. ಅವರ ಒಲೆಯ ಮೇಲೆ ಅನ್ನವಿತ್ತಂತೆ.

ಮರುದಿನ ಬೆಳಿಗ್ಗೆ ರಾಯರು ಗುಡಿಸಲಿಗೆ ಬಂದರು. ಈ ಸಲ ಬಾಗಿಲಲ್ಲಿ ಕೂರಲಿಲ್ಲ. ಒಳಗೆ ಬಂದು ನೆಲದ ಮೇಲೆ ಕೂತರು. ಆದರೂ ಹುಟ್ಟುಗುಣ ಬಿಡುತ್ತದೆಯೇ? "ತಾಯಿ, ತಮ್ಮ ಸಿಕ್ಕ. ಇದರಿಂದ ದೇವರಿದ್ದಾನ ಅಂತ ಸಿದ್ಧ ಆತೇನ್ರಿ?" ಎಂದು ಕೇಳಿದರು.

ತಾಯಿಯವರು ಬಾಯ್ತುಂಬ ನಕ್ಕರು. "ಇಲ್ರಿ. ತಮ್ಮ ಇದ್ದಾನಂತ ಸಿದ್ಧ ಆತು."

ರಾಯರೂ ನಕ್ಕರು. ನಕ್ಕ ಮೇಲೆ ಅವರ ಮುಖ ಗಂಭೀರವಾಯಿತು. "ಹೌದು. ವಸ್ತು ಇದ್ರ ಅಳದು ತೂಗಿ ತಿಳೀಬಹುದು. ಕೇಳಾಂವ ಒಬ್ಬ ಇದ್ರ ಅವನ್ನ ಕರದೇ ತಿಳೀಬೇಕು. ಗೊತ್ತಾದ ಮ್ಯಾಲೆ ಕರೀತೀನಿ ಅಂದಿದ್ದೆ. ಗೊತ್ತಾಗೋ ದಾರೀನ ಮುಚ್ಚಿ ಗೊತ್ತಿಲ್ಲ ಅಂತಿದ್ದೆ. ತರ್ಕ ತಪ್ಪಿದ್ದು ನಂದು. ಅಷ್ಟು ಒಪ್ಪಿದೆ, ತಾಯಿ. ಆದ್ರ..." ಅವರ ದನಿ ಇಳಿಯಿತು. "ನಿನ್ನೆ ಮೂರು ಸಲ ಕರದ ಮ್ಯಾಲೂ ಅಂವ ಓ ಅನ್ನದಿದ್ರ?"

ತಾಯಿಯವರು ಅಕ್ಕಿಯ ಮೊರ ಕೆಳಗಿಟ್ಟರು. ಗುಡಿಸಲಿನಲ್ಲಿದ್ದ ನಾವೆಲ್ಲ ಹತ್ತಿರ ಸರಿದೆವು.

"ನಲವತ್ತು ವರ್ಷದ ಹಿಂದ ನನ್ನ ಗಂಡ ಹಿಂಗ ಬಾವ್ಯಾಗ ಉಳದ," ಎಂದರು. "ದಂಡಿ ಮ್ಯಾಲೆ ನಿಂತು ನಾನೂ ಮೂರು ಸಲ ಕರದ್ನಿ. ಅಂವ ಓ ಅನಲಿಲ್ಲ. ಆಳುಗಳೆಲ್ಲ ಎದ್ದು ಹೋದ್ರು. ನಾ ಹೋಗಲಿಲ್ಲ, ಕೇಳಕೋತ ಕುಂತೆ." ಆಮೇಲೆ ಗೂಡಿನ ಪಟದ ಕಡೆ ನೋಡಿದರು, ಬೇರೆಯವರೆದುರು ಗಂಡನ ಹೆಸರು ಹೇಳಲು ನಾಚುವ ಹೆಂಗಸಿನ ಹಾಗೆ ನಸುನಕ್ಕರು. "ಬ್ಯಾರೆ ಒಬ್ಬಾಂವ ಓ ಅಂದ."

ನನಗೆ ಮೈಯೆಲ್ಲ ಜುಮ್ಮೆಂದಿತು. ಇದನ್ನು ಬರೆಯುವಾಗಲೂ ರೋಮಾಂಚನವಾಗುತ್ತಿದೆ. ಅವರು ಮಾತಿನ ನಂತರ ಸುಮ್ಮನೆ ಕೂರುತ್ತಿದ್ದುದು ಆಯಾಸದಿಂದಲ್ಲವೆಂದು ನನಗೆ ತಿಳಿದದ್ದು ಆಗ. ವಾಮನರಾಯರು ಎದ್ದು, ಆ ತಾಯಿಯ ಪಾದಕ್ಕೆ ಹಣೆ ಹಚ್ಚಿದರು.

ರಾಯರು ತರ್ಕ ಕಲಿಸುವುದನ್ನು ಬಿಡಲಿಲ್ಲ. ನಿವೃತ್ತಿಯ ದಿನದವರೆಗೂ ಕಲಿಸಿದರು; ವಿದ್ಯಾರ್ಥಿಗಳ ತಪ್ಪುಗಳನ್ನು ಹಿಂದಿಗಿಂತಲೂ ಕಟುವಾಗಿ ತಿದ್ದುತ್ತಿದ್ದರಂತೆ. ತಾಯಿಯವರು ದೇಹಬಿಟ್ಟು ಎಷ್ಟೋ ವರ್ಷಗಳ ಮೇಲೆ, ಒಂದು ಬೆಳಿಗ್ಗೆ ನಾನು ರಾಯರ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ್ದ ಅವರು ಅಂಗಳದ ತುಳಸಿಯ ಮುಂದೆ, ಬರಿನೆಲದ ಮೇಲೆ ಕೂತಿದ್ದರು. "ಏ ತಿಮ್ಮಪ್ಪಾ," ಎಂದು ಗಟ್ಟಿಯಾಗಿ ಕರೆದರು, "ನಾನು ವಾಮನ ಬಂದೀನೋ."

ನನಗೆ ತಡೆದುಕೊಳ್ಳಲಾಗಲಿಲ್ಲ. ಹತ್ತಿರ ಹೋಗಿ, "ಓ ಅಂದ್ನೇನ್ರಿ, ರಾಯರ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನ ಕಡೆ ತಿರುಗಲಿಲ್ಲ. ಅಂದು ಬಾವಿಯಲ್ಲಿ ಯಂಕಪ್ಪ ಎತ್ತಿದ ಹಾಗೆಯೇ ಕೈ ಎತ್ತಿ, ನನ್ನನ್ನು ಸುಮ್ಮನಿರಿಸಿದರು.