ಕಾರಿಗೆ ಕೊಟ್ಟ ತೆರ

ನನ್ನ ಎರಡು ಬಾಗಿಲಿನ ಜಪಾನ್ ಕಾರಿನಂಥದ್ದು ಇಡೀ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಟರ್ಬೊ, ಸೈಲೆನ್ಸರ್, ಸೀಟು ಎಲ್ಲ ನನ್ನ ಕೈಯಾರೆ ಕೂರಿಸಿದ್ದು. ಸ್ವಂತ ಗ್ಯಾರೇಜು ತೆರೆಯಲೆಂದು ಮಾರಾಟಕ್ಕಿಟ್ಟೆ. ಬೆಲೆ ಇಳಿಸಿದರೆ ಗ್ಯಾರೇಜೂ ಇಲ್ಲ.

ನಮ್ಮ ಕುಲದವರೇ ಆದ ಕಂಟ್ರಾಕ್ಟರ್ ಪುಟ್ಟರಂಗಪ್ಪ ಹಿಂಬಾಲಕರೊಂದಿಗೆ ಕಾರು ನೋಡಲು ಬಂದರು.

"ಮಗಳ ಥರ ಸಾಕಿದ್ದೀನಿ ಯಜಮಾನ್ರೇ" ಅಂದೆ.

"ಮಗಳು ತಾನೆ? ವರದಕ್ಷಿಣೆ ಅಂತ ಅರ್ಧ ಬೆಲೆ ಬಿಡು." ಜೊತೆಯವರು ನಕ್ಕರು.

ನಾನು ನಗಲಿಲ್ಲ. "ನಮ್ಮ ಕುಲದಲ್ಲಿ ವರದಕ್ಷಿಣೆ ಎಲ್ಲಿತ್ತು? ತೆರ ಇದ್ದಿದ್ದು. ಗಂಡಿನ ಕಡೆಯೋರೇ ದುಡ್ಡು ಕೊಟ್ಟು ಹೆಣ್ಣು ಕರ್ಕೊಂಡು ಹೋಗ್ತಿದ್ರು. ನಿಮ್ಮವ್ವನ ತೆರಕ್ಕೆ ನಿಮ್ಮಪ್ಪ ಚೌಕಾಸಿ ಮಾಡಿದ್ರಾ?"

ನಗು ನಿಂತಿತು. ಪುಟ್ಟರಂಗಪ್ಪ ಕಾರಿನ ಮೇಲೆ ಕೈಯಿಟ್ಟರು.

"ಇಲ್ಲ ಕಣೋ. ಇದ್ದ ಜೋಡಿ ಹೋರಿ ಮಾರಿ ಕೊಟ್ಟಿದ್ದ" ಅಂದರು ಮೆಲ್ಲಗೆ.

ಪೂರ್ತಿ ಬೆಲೆ ಕೊಟ್ಟರು.

"ಆಗಾಗ ತವರಿಗೆ ಕರ್ಕೊಂಡು ಬನ್ನಿ" ಅಂದೆ.

"ಸರ್ವೀಸ್ ಪುಕ್ಕಟೆಯೇನೋ?"

"ಮಗಳಿಗೆ ಪುಕ್ಕಟೆ. ಅಳಿಯಂದಿರು ಬಿಲ್ಲು ಕಟ್ಟಬೇಕು."