ನಾಳೆ ಕಂಡ ಅಕ್ಕಂದಿರು, ಹೊಳೆಗಿಳಿದ ನಿಂಗಿ

ಕಾಲು ಮಡಚ್ಕೋ, ಕೌದಿ ಒದೀಬೇಡ, ಆಗ ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ದುರುಗಪ್ಪ ಅಂತ ಒಬ್ಬ ಅಂಬಿಗ ಇದ್ದನಂತೆ. ಹರಿಗೋಲಲ್ಲಿ ಜನಾನ ಈ ದಡದಿಂದ ಆ ದಡಕ್ಕೆ ದಾಟಿಸೋನು. ಆ ಊರಿಗೆಲ್ಲ ಅದೊಂದೇ ಹರಿಗೋಲು. ಹೆಂಡತಿ ತೀರ್ಕೊಂಡಿದ್ದಳು, ಮೂರು ಜನ ಹೆಣ್ಣುಮಕ್ಕಳು, ಹುಲಿಗೆವ್ವ, ದ್ಯಾಮವ್ವ, ಕಿರಿಯೋಳು ನಿಂಗಿ.

ಒಂದಿನ ಶಕುನ ನುಡಿಯೋ ಒಂದು ಹಾಲಕ್ಕಿ ರೆಕ್ಕೆ ಮುರ್ಕೊಂಡು ಅವರ ಅಂಗಳದಲ್ಲಿ ಬಿತ್ತಂತೆ. ಮೂವರೂ ಅರಿಶಿನ ಹಚ್ಚಿ, ನವಣೆ ತಿನ್ಸಿ ಸಾಕಿದ್ರಂತೆ. ಆಮೇಲೆ ಅದು ಹಾರೋ ಮುಂಚೆ, ಮುಂದಾಗೋದು ಕಾಣೋ ಕಣ್ಣು ಕೊಡ್ತೀನಿ, ಯಾರಿಗೆ ಎಷ್ಟು ದೂರ ಬೇಕು ಕೇಳ್ಕೊಳ್ರೇ ಅಂತಂತೆ. ಹುಲಿಗೆವ್ವ ಒಂದು ವರ್ಷ ಅಂದಳು. ದ್ಯಾಮವ್ವ ನಾಳೆ ಬೆಳಿಗ್ಗೆ ಕಂಡ್ರೆ ಸಾಕು ಅಂದಳು. ನಿಂಗಿ ಹರಿಗೋಲಿನ ತಳಕ್ಕೆ ರಾಳ ಬಳೀತಾ ಕೂತಿದ್ದೋಳು, ನಂಗೆ ಒಂದು ಸಲ ಹುಟ್ಟು ಹಾಕೋವಷ್ಟು ಹೊತ್ತು ಮುಂದಕ್ಕೆ ಕಂಡ್ರೆ ಸಾಕು ಕಣವ್ವಾ ಅಂದಳಂತೆ. ಹುಟ್ಟು ಅಂದ್ರೆ ಗೊತ್ತಲ್ಲ, ನೀರು ತಳ್ಳೋ ಕೋಲು. ಅಕ್ಕಂದಿರು ಬಿದ್ದು ಬಿದ್ದು ನಕ್ಕರಂತೆ.

ಆಮೇಲೆ ಏನಾಯ್ತಪ್ಪಾ ಅಂದ್ರೆ, ಹುಲಿಗೆವ್ವಂಗೆ ಹಸು ಸಾಯೋದು ಕಾಣ್ತು, ಅವತ್ತೇ ಹಾಲು ಕರಿಯೋದು ಬಿಟ್ಟಳು. ಗಡಿಗೆ ಒಡೆಯೋದು ಕಾಣ್ತು, ನೀರು ತರೋದು ಬಿಟ್ಟಳು. ಅತ್ತೂ ಅತ್ತೂ ಕಣ್ಣು ಬಾತು, ವರ್ಷ ಹಾಗಿರ್ಲಿ, ಎದುರಿಗಿದ್ದ ಹಸುನೇ ಕಾಣದಂಗಾಯ್ತಂತೆ.

ಹಿಂಗಿರೋವಾಗ ದುರುಗಪ್ಪ ಹರಿಗೋಲು ದಡದಲ್ಲೇ ಬಿಟ್ಟು, ಹೊಳೆ ನಡುವಿನ ಬಂಡೆಗೆ ಕಟ್ಟಿದ್ದ ಬಲೆ ಬಿಚ್ಚೋಕೆ ಈಜ್ಕೊಂಡು ಹೋದನಂತೆ. ಮೇಲೆಲ್ಲೋ ಮಳೆ ಸುರಿದು ಹೊಳೆ ಏರಿಬಿಡ್ತು. ಬಂಡೆ ಮುಳುಗ್ತಾ ಇದೆ, ಅಪ್ಪ ಮಕ್ಕಳನ್ನ ಕೂಗ್ತಾ ಇದಾನೆ. ನಿಂಗಿ ಹರಿಗೋಲಿಗೆ ಕೈ ಹಾಕಿದ್ರೆ ದ್ಯಾಮವ್ವ ಅಡ್ಡ ನಿಂತು, ಹೋಗ್ಬೇಡ್ವೇ, ನಂಗೆ ಕಂಡೋಯ್ತು, ನಾಳೆ ಬೆಳಿಗ್ಗೆ ಆ ದಡದಲ್ಲಿ ಹರಿಗೋಲು ಬೋರಲು ಬಿದ್ದಿರುತ್ತೆ, ಅದರಡಿಯಿಂದ ಅಪ್ಪನ ಕಾಲು, ನಿನ್ನ ಕಾಲು ಹೊರಗೆ ಚಾಚಿರ್ತವೆ, ಅಲ್ಲಾಡಲ್ಲ ಕಣೇ ಅಂತ ಎದೆ ಬಡ್ಕೊಂಡಳಂತೆ. ಹುಲಿಗೆವ್ವ ಆಗಲೇ ತಿಥಿಗೆ ಅಕ್ಕಿ ನೆನೆಸೋಕೆ ಹೋದಳು. ನೋಡಿದ್ಯಾ, ಅಪ್ಪ ಇನ್ನೂ ಕೂಗ್ತಾನೇ ಇದಾನೆ!

ನಿಂಗಿ ಏನಂದಳು ಗೊತ್ತಾ? ನಾಳೆದು ನಾಳೆಗಾಯ್ತು ಅಕ್ಕಾ, ಅಪ್ಪ ಈಗ ಕರೀತಿದಾನೆ. ಅಂದೋಳೇ ಕಚ್ಚೆ ಕಟ್ಟಿ ಹರಿಗೋಲು ನೀರಿಗಿಳಿಸಿದಳು. ಒಂದು ಹುಟ್ಟು ಹಾಕಿದ್ರೆ ಮರದ ದಿಮ್ಮಿ ಬರೋದು ಕಾಣ್ತು, ಸರಕ್ಕಂತ ಎಡಕ್ಕೆ ತಿರುಗಿಸಿದಳು. ಇನ್ನೊಂದು ಹಾಕಿದ್ರೆ ಸುಳಿ ಕಾಣ್ತು, ಅದರ ಅಂಚಲ್ಲೇ ಜಾರಿದಳು. ಆಮೇಲೆ ಮೊಸಳೆ! ಹ್ಞೂಂ, ಮೊಸಳೆ. ತಲೆ ಎತ್ತೋ ಮುಂಚೇನೇ ಮೂತಿಗೆ ಫಟಾರ್ ಅಂತ ಕೊಟ್ಟಳು ನೋಡು, ಅದು ಇನ್ನೂ ತಿರುಗಿ ನೋಡಿಲ್ಲವಂತೆ. ಎದೆಮಟ್ಟ ನೀರಲ್ಲಿ ನಿಂತಿದ್ದ ಅಪ್ಪನ್ನ ರಟ್ಟೆ ಹಿಡಿದು ಎಳ್ಕೊಂಡಳು. ಅಷ್ಟರಲ್ಲಿ ಕತ್ತಲಾಗಿ, ಹೊಳೆ ಅವರನ್ನ ಎತ್ತ ಒಯ್ತು ಅಂತ ಯಾರಿಗೂ ಕಾಣಲಿಲ್ಲ.

ಬೆಳಿಗ್ಗೆ ನೀರು ಇಳೀತು. ಊರವರು ಬಾಳೆದಿಂಡಿನ ತೆಪ್ಪ ಕಟ್ಕೊಂಡು, ಅಕ್ಕಂದಿರನ್ನೂ ಕೂರ್ಸಿಕೊಂಡು ಆ ದಡಕ್ಕೆ ಹೋದ್ರಂತೆ. ನೋಡ್ತಾರೆ, ದ್ಯಾಮವ್ವ ಹೇಳಿದ್ದು ಹೇಳಿದಂಗೇ! ಬೋರಲು ಹರಿಗೋಲು, ಹೊರಗೆ ನಾಲ್ಕು ಕಾಲು. ಅಕ್ಕಂದಿರು ಲಬೋ ಲಬೋ ಬಾಯಿ ಬಡ್ಕೊಂಡ್ರೆ, ಒಳಗಿಂದ ಗೊರ್ರ್ ಅಂತ ಗೊರಕೆ! ಅಯ್ಯೋ ಅವರ ಬುದ್ಧಿಗಿಷ್ಟು ಬೆಂಕಿ ಹಾಕ! ರಾತ್ರಿ ಆಲಿಕಲ್ಲು ಬಿದ್ದಿತ್ತು. ಮಳೆ ಬಂದ್ರೆ ಅಂಬಿಗರು ಹರಿಗೋಲು ಬೋರಲು ಹಾಕಿ ಅದರಡಿ ಮಲಗೋದು ಲೋಕಕ್ಕೆಲ್ಲ ಗೊತ್ತು, ಅಂಬಿಗನ ಮಕ್ಕಳಿಗೇ ಮರೆತೋಗಿತ್ತು. ದುರುಗಪ್ಪ ಕಣ್ಣುಜ್ಜಿಕೊಂಡು ಎದ್ದು, ಯಾಕ್ರೇ ಬೆಳಬೆಳಿಗ್ಗೆ ಗಲಾಟೆ ಅಂದನಂತೆ.

ಆಮೇಲೆ ಕೇಳ್ತೀಯಾ! ಡೊಳ್ಳು ಬಾರಿಸಿದ್ದೇನು, ನಿಂಗೀನ ಹೆಗಲ ಮೇಲೆ ಹೊತ್ತು ಕುಣಿದಿದ್ದೇನು. ದ್ಯಾಮವ್ವ ಹತ್ರ ಬಂದು, ಅಂಥಾ ಹೊಳೆ ಕಂಡು ನಿಂಗೆ ಭಯ ಆಗ್ಲಿಲ್ವೇನೇ ಅಂತ ಕೇಳಿದಳಂತೆ. ನಂಗೆ ಪೂರ್ತಿ ಹೊಳೆ ಕಾಣ್ಲೇ ಇಲ್ವಲ್ಲಕ್ಕಾ, ಕಂಡಿದ್ರೆ ನಾನೂ ನಿನ್ನ ಜೊತೆ ಅಳ್ತಾ ಕೂತಿರ್ತಿದ್ದೆ ಅಂದಳಂತೆ ನಿಂಗಿ.

ಅವತ್ತಿಂದ ಹರಿಗೋಲು ನಿಂಗಿ ಕೈಗೆ ಬಂತು. ಅವಳು ಮೊದಲು ದಾಟಿಸಿದ್ದು ಒಂದು ಮದುವೆ ದಿಬ್ಬಣ, ಆ ಮದುಮಗನ ತಮ್ಮನೇ ಆಮೇಲೆ ಅವಳ ಗಂಡ ಆದನಂತೆ. ಅದು ಮಾತ್ರ ಯಾವ ಅಕ್ಕಂಗೂ ಮುಂಚೆ ಕಂಡಿರ್ಲಿಲ್ಲ! ಎಲ್ಲಾರೂ ಸುಖವಾಗಿದ್ರು. ಕತೆ ದಡ ಮುಟ್ತು, ಮುಗೀತು, ಇನ್ನು ಕಣ್ಮುಚ್ಚು.