ಬಾಣ ತುಳಿದ ಚೆಂಡು

ಚೆಂಡು ಉರುಳಿಸಿ ಪಿನ್ನು ಕೆಡವುವ ಬೌಲಿಂಗ್ ಅಂಗಳದಲ್ಲಿ ಒಂದು ಕರಿ ಚೆಂಡಿತ್ತು. ಆಚೆ ತುದಿಯಲ್ಲಿ ತ್ರಿಕೋನವಾಗಿ ನಿಲ್ಲಿಸಿದ, ಸೀಸೆಯಾಕಾರದ ಹತ್ತು ಪಿನ್ನುಗಳಲ್ಲಿ, ಎಲ್ಲಕ್ಕಿಂತ ಮುಂದೆ ಎದೆಯುಬ್ಬಿಸಿ ನಿಂತ ನಾಯಕ ಪಿನ್ನನ್ನು ಕಂಡರೆ ಚೆಂಡಿಗೆ ಮೈಯೆಲ್ಲ ಉರಿ. ಅದರ ಮುಖವನ್ನೇ ದುರುಗುಟ್ಟಿ ನೋಡುತ್ತ ಉರುಳುತ್ತಿತ್ತು. ಪ್ರತಿ ಸಲವೂ ದಾರಿ ತಪ್ಪಿ ಪಕ್ಕದ ಚರಂಡಿಗೆ ಬೀಳುತ್ತಿತ್ತು.

"ಬಾರಪ್ಪ ಶೂರ, ಚರಂಡಿ ನಿನಗೇ ಕಾಯುತ್ತಿದೆ" ಎಂದು ನಾಯಕ ಪಿನ್ನು ಅಣಕಿಸಿತು. ಆಟದಲ್ಲಿ ಉಳಿದದ್ದು ಒಂದೇ ಎಸೆತ. ಅದೂ ತಪ್ಪಿದರೆ ಚೆಂಡಿಗೆ ಮೂಲೆಯೇ ಗತಿ.

ಆಗ ದಾರಿಯ ನಡುವೆ ನೆಲದ ಮೇಲೆ ಪಿನ್ನುಗಳತ್ತ ದಾರಿ ತೋರಲು ಬರೆದಿದ್ದ ಬಾಣದ ಗುರುತು ರೇಗಿತು: "ಅಯ್ಯಾ, ನನ್ನ ಹತ್ತಿರ ಬಂದಾಗಲೆಲ್ಲ ಪಕ್ಕಕ್ಕೆ ಯಾಕೆ ಸರಿಯುತ್ತೀಯ?"

"ತಮ್ಮನ್ನು ತುಳಿಯಬಾರದಲ್ಲ, ಸ್ವಾಮಿ" ಎಂದಿತು ಚೆಂಡು.

"ತುಳಿಯಲೆಂದೇ ನನ್ನನ್ನು ಇಲ್ಲಿ ಬರೆದಿದ್ದಾರೆ! ಆ ಪಿನ್ನು ದೂರ, ನಾನು ಹತ್ತಿರ. ಅವನನ್ನು ಮರೆತುಬಿಡು. ನನ್ನ ನೆತ್ತಿಯ ಮೇಲೆ ಹಾದು ಹೋಗು."

ಚೆಂಡು ಮನಸ್ಸಿನಲ್ಲೇ ವಂದಿಸಿ ಹೊರಟಿತು. ನಾಯಕ ಪಿನ್ನು ಬಾಯಿಗೆ ಬಂದದ್ದೆಲ್ಲ ಅಂದಿತು. ಚೆಂಡು ಅತ್ತ ಕಣ್ಣೆತ್ತಲಿಲ್ಲ. ಬಾಣದ ನೆತ್ತಿಯನ್ನು ನೆಟ್ಟಗೆ ತುಳಿದು ಸಾಗಿತು. ಮರುಗಳಿಗೆ ಅಂಗಳವೆಲ್ಲ ಗುಡುಗಿದಂತಾಯಿತು. ಹತ್ತೂ ಪಿನ್ನುಗಳು ಮಕಾಡೆ ಮಲಗಿದ್ದವು.

"ನುಂಗುವ ಹಾಗೆ ನೋಡುತ್ತಿದ್ದಾಗ ನನ್ನನ್ನು ಮುಟ್ಟಲಾಗಲಿಲ್ಲ, ಈ ಸಲ ಹೇಗೆ ಕೆಡವಿದೆ?" ಎಂದು ನಾಯಕ ಪಿನ್ನು ನರಳಿತು.

"ಈ ಸಲ ನಿನ್ನನ್ನು ನೋಡಲೇ ಇಲ್ಲವಲ್ಲ!" ಎಂದಿತು ಚೆಂಡು.